ಇಡೀ ಕ್ಲಾಸಿಗೆ ಒಂದೇ ಹಾಳೆ: ಹೊಸದಾಗಿ ಶುರು ಮಾಡುವ ಟೀಚರ್‌ಗಳಿಗೆ ಯಾವ ಟೂಲ್ ಸಾಕು?

ಮಕ್ಕಳೆಲ್ಲ ಸೇರಿ ಆನ್‌ಲೈನ್‌ನಲ್ಲಿ ಕೆಲಸ ಮಾಡಲಿಕ್ಕೆ ಯಾವ ಟೂಲ್ ಚೆನ್ನಾಗಿದೆ ಅಂತ ಕೇಳುವ ಟೀಚರ್‌ಗಳಿಗೆ ನನ್ನ ಉತ್ತರ ಸ್ವಲ್ಪ ಸಪ್ಪೆ ಅನ್ನಿಸಬಹುದು. ಗೂಗಲ್ ಡಾಕ್ಸ್. ಅದೊಂದೇ. ಮೊದಲ ಟರ್ಮ್ ಮುಗಿಯುವ ತನಕ ಬೇರೆ ಏನೂ ಬೇಡ. ಪ್ಯಾಡ್ಲೆಟ್ ನೋಡಲಿಕ್ಕೆ ಚಂದ ಇದೆ, ವೈಟ್‌ಬೋರ್ಡ್ ಆ್ಯಪ್‌ಗಳಲ್ಲಿ ಬಣ್ಣಬಣ್ಣದ ಚೀಟಿ ಅಂಟಿಸಬಹುದು, ಕಹೂಟ್ ಕ್ವಿಜ್ ಹಾಕಿದರೆ ಮಕ್ಕಳು ಕುಣಿದಾಡುತ್ತಾರೆ, ಎಲ್ಲ ಸರಿ. ಆದರೆ ಒಂದೇ ವಾರದಲ್ಲಿ ನಾಲ್ಕು ಹೊಸ ಟೂಲ್ ತಂದರೆ ಪಾಠದ ಹೊತ್ತೆಲ್ಲ 'ಮಿಸ್, ಲಾಗಿನ್ ಆಗ್ತಿಲ್ಲ', 'ಸಾರ್, ಪಾಸ್‌ವರ್ಡ್ ಮರೆತುಹೋಯ್ತು' ಇದರಲ್ಲೇ ಮುಗಿದುಹೋಗುತ್ತದೆ. ಇಲ್ಲಿ ಹೆಸರಿಸುವ ಟೂಲ್‌ಗಳಲ್ಲಿ ಬಹುಪಾಲನ್ನು ಕ್ಲಾಸಿನಲ್ಲಿ ಬಳಸಿಯೇ ಬರೆಯುತ್ತಿದ್ದೇನೆ. ಈಗಾಗಲೇ ಪಳಗಿದವರಿಗೆ ಇದರಲ್ಲಿ ಹೊಸದು ಜಾಸ್ತಿ ಸಿಗಲಿಕ್ಕಿಲ್ಲ.

ಡಾಕ್ಸ್ 2006ರಿಂದ ಇದೆ. ಹಳೇದು ಅನ್ನೋದೇ ಅದರ ದೊಡ್ಡ ಪ್ಲಸ್ ಪಾಯಿಂಟ್, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಇನ್‌ಸ್ಟಾಲ್ ಮಾಡುವ ತಲೆನೋವಿಲ್ಲ, ಸೇವ್ ಮಾಡಲು ಮರೆತೆ ಅನ್ನುವ ಅಳು ಇಲ್ಲ. ಒಂದೇ ಫೈಲಿನಲ್ಲಿ ಒಟ್ಟಿಗೆ 100 ಮಂದಿ ತನಕ ಬರೆಯಬಹುದು, ಅಂದರೆ ಎರಡು ಸೆಕ್ಷನ್ ಕೂಡಿಸಿದರೂ ಸಾಕಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಅದು ಒಂದು ಖಾಲಿ ಹಾಳೆ. ಮಕ್ಕಳಿಗೆ ಬಟನ್ ಪರಿಚಯ ಮಾಡಿಸುವುದರಲ್ಲೇ ಪೀರಿಯಡ್ ಕಳೆಯುವುದಿಲ್ಲ.

ಹಾಗಂತ ಲಿಂಕ್ ಕೊಟ್ಟು 'ಎಲ್ಲರೂ ಬರೀರಿ' ಅಂದುಬಿಟ್ಟರೆ ಆಯಿತೇ? ಒಮ್ಮೆ ಮಾಡಿ ನೋಡಿ, ಇರುವೆ ಗೂಡು ಕೆದಕಿದ ಹಾಗಿರುತ್ತದೆ. ನಲವತ್ತು ಕರ್ಸರ್ ಒಂದೇ ಪುಟದಲ್ಲಿ ಓಡಾಡುತ್ತವೆ. ಒಬ್ಬ ಎಂಟರ್ ಒತ್ತಿದರೆ ಕೆಳಗೆ ಬರೆಯುತ್ತಿದ್ದವನ ಸಾಲು ಕಣ್ಣಮುಂದೆಯೇ ಜಾರಿಹೋಗುತ್ತದೆ. ಇನ್ನೊಬ್ಬ ತನ್ನ ಹೆಸರನ್ನೇ ದೊಡ್ಡ ಅಕ್ಷರದಲ್ಲಿ ಹಾಕಿ ಕೆಂಪು ಬಣ್ಣ ಬಳಿಯುತ್ತಾನೆ. ಮೂರನೆಯವನು ಸುಮ್ನೆ ಎಲ್ಲ ಸೆಲೆಕ್ಟ್ ಮಾಡಿ ಡಿಲೀಟ್ ಹೊಡೆಯುತ್ತಾನೆ, ಕ್ಲಾಸ್ ಪೂರ್ತಿ 'ಯಾರೋ ಅಳಿಸಿದ್ರು ಮಿಸ್' ಅಂತ ಒಂದೇ ಸಮ ಕೂಗು. ಅದರ ಮೇಲೆ, ಲಿಂಕ್ ಇದ್ದವರೆಲ್ಲ ಬರೆಯಬಹುದು ಅಂತ ಸೆಟ್ಟಿಂಗ್ ಇಟ್ಟರೆ ಲಾಗಿನ್ ಆಗದೆ ಬಂದವರಿಗೆ ಡಾಕ್ಸ್ ತಾನೇ ಪ್ರಾಣಿಗಳ ಹೆಸರು ಕೊಡುತ್ತದೆ. ಅನಾನಿಮಸ್ ಆಕ್ಸೊಲಾಟಲ್, ಅನಾನಿಮಸ್ ಕ್ಯಾಪಿಬರಾ ಹೀಗೆ. ಮಕ್ಕಳಿಗೆ ಬಹಳ ಖುಷಿ. ಅವತ್ತು ಪಾಠ ನಡೆಯುವುದಿಲ್ಲ, ಯಾರು ಯಾವ ಪ್ರಾಣಿ ಅಂತ ಹುಡುಕುವುದೇ ನಡೆಯುತ್ತದೆ.

ಈ ಗಲಾಟೆ ಹೇಗೂ ಆಗುವಂಥದ್ದು. ಅದಕ್ಕೇ ಮೊದಲ ಹತ್ತು ನಿಮಿಷ ಅದಕ್ಕೇ ಕೊಟ್ಟುಬಿಡುವುದು ಒಳ್ಳೆಯದು. ಒಂದು ಬೇಡದ ಫೈಲ್ ತೆರೆದು 'ಏನು ಬೇಕಾದರೂ ಮಾಡಿ' ಅಂದುಬಿಡಿ. ಅಳಿಸಲಿ, ಬಣ್ಣ ಬಳಿಯಲಿ, ಒಬ್ಬರ ಸಾಲಿಗೆ ಇನ್ನೊಬ್ಬರು ಕೈಹಾಕಲಿ. ಆಮೇಲೆ ಪಾಠದ ಫೈಲ್ ತೆರೆದಾಗ ಆ ಚಪಲ ಅರ್ಧಕ್ಕರ್ಧ ಕಡಿಮೆಯಾಗಿರುತ್ತದೆ.

ಪಾಠದ ಫೈಲ್ ಯಾವತ್ತೂ ಖಾಲಿ ಇರಬಾರದು. ಒಂದು ಟೇಬಲ್ ಹಾಕಿ ಇಡಿ, ಪ್ರತಿ ಗುಂಪಿಗೆ ಒಂದು ಸಾಲು. ಇಷ್ಟೇ ಮಾಡಿದರೂ ಮುಕ್ಕಾಲು ಪಾಲು ಗೊಂದಲ ಹೋಗುತ್ತದೆ, ಯಾಕೆಂದರೆ ಯಾರು ಎಲ್ಲಿ ಬರೆಯಬೇಕು ಅನ್ನುವ ಪ್ರಶ್ನೆಯೇ ಏಳುವುದಿಲ್ಲ. ನಾನು ಮೂರು ಕಾಲಂ ಇಡುತ್ತೇನೆ. ಮೊದಲನೆಯದು ನಮ್ಮ ಉತ್ತರ. ಎರಡನೆಯದು ಯಾಕೆ ಹಾಗನ್ನಿಸಿತು. ಮೂರನೆಯದು ಪಕ್ಕದ ಗುಂಪಿನವರು ಕೇಳುವ ಪ್ರಶ್ನೆ. ಈ ಮೂರನೇ ಕಾಲಂ ಇಲ್ಲದಿದ್ದರೆ ಅದು ಒಂದೇ ಹಾಳೆಯಲ್ಲಿ ಬೇರೆಬೇರೆಯಾಗಿ ಬರೆದ ಹತ್ತು ಉತ್ತರ, ಅಷ್ಟೇ.

ಉದಾಹರಣೆಗೆ ನೀರಿನ ಚಕ್ರದ ಪಾಠ. ಪ್ರಶ್ನೆ: ಸಮುದ್ರದ ನೀರು ಉಪ್ಪು, ಅದೇ ನೀರು ಮಳೆಯಾಗಿ ಬಂದಾಗ ಯಾಕೆ ಉಪ್ಪಿಲ್ಲ? ಒಂದು ಗುಂಪು ಬರೆಯಿತು, 'ಉಪ್ಪು ಭಾರ, ಅದಕ್ಕೇ ಮೇಲೆ ಹೋಗಲ್ಲ.' ಪಕ್ಕದ ಗುಂಪಿನ ಒಬ್ಬ ಹುಡುಗಿ ಮೂರನೇ ಕಾಲಂನಲ್ಲಿ ಕೇಳಿದಳು, 'ನೀರೂ ಭಾರ ಅಲ್ವಾ? ಅದು ಹೆಂಗೆ ಮೇಲೆ ಹೋಯ್ತು?' ಮೊದಲನೇ ಗುಂಪಿನವರು ತಮ್ಮ ಸಾಲನ್ನು ಅಳಿಸಿದರು, ಮತ್ತೆ ಬರೆದರು, ಮತ್ತೆ ಅಳಿಸಿದರು. ಕಡೆಗೆ 'ನೀರು ಆವಿಯಾದಾಗ ನೀರಾಗಿ ಇರಲ್ಲ, ಉಪ್ಪು ಆವಿಯಾಗಲ್ಲ, ಕೆಳಗೇ ಉಳಿಯುತ್ತೆ' ಅಂತ ಬಂತು. ನಾನು ಬಾಯಿ ಬಿಟ್ಟಿರಲಿಲ್ಲ. ಕಾಗದದ ಮೇಲೆ ಇದು ಆಗುವುದೇ ಇಲ್ಲ ಅಂತಲ್ಲ, ಆದರೆ ಒಬ್ಬರ ಉತ್ತರ ಪೂರ್ತಿಯಾಗುವ ಮೊದಲೇ ಇನ್ನೊಬ್ಬರು ಅದನ್ನು ಓದಿ ತಿವಿಯುವುದು ಇಲ್ಲಿ ಬಹಳ ಸಲೀಸು. ಗಟ್ಟಿಯಾಗಿ ಕೇಳಲು ಹಿಂಜರಿಯುವ ಮಕ್ಕಳು ಟೈಪ್ ಮಾಡಿ ಕೇಳುತ್ತಾರೆ, ಅದೂ ಒಂದು ಲಾಭ.

ಇನ್ನು ವರ್ಷನ್ ಹಿಸ್ಟರಿ. ನನ್ನ ಮಟ್ಟಿಗೆ ಡಾಕ್ಸ್‌ಗೆ ಮಾರ್ಕ್ಸ್ ಕೊಡುವುದೇ ಇದಕ್ಕಾಗಿ. ಕಂಪ್ಯೂಟರಿನಲ್ಲಿ ಫೈಲ್ ಮೆನುವಿನೊಳಗೆ ಇದೆ. ತೆರೆದರೆ ಯಾರು ಯಾವಾಗ ಏನು ಬರೆದರು, ಏನು ಅಳಿಸಿದರು ಅಂತ ಒಬ್ಬೊಬ್ಬರಿಗೆ ಒಂದೊಂದು ಬಣ್ಣದಲ್ಲಿ ತೋರಿಸುತ್ತದೆ. ಯಾರೋ ಎಲ್ಲ ಅಳಿಸಿದರೂ ಹಿಂದಿನ ರೂಪಕ್ಕೆ ಮರಳಿಸಬಹುದು, ಆದ್ದರಿಂದ ಡಿಲೀಟ್ ವೀರರಿಗೆ ಹೆದರುವ ಅಗತ್ಯ ಇಲ್ಲ. ಇದನ್ನು ಮಕ್ಕಳ ಮುಂದೆಯೇ ಒಮ್ಮೆ ತೋರಿಸಿ. ಯಾರು ಅಳಿಸಿದರು ಅಂತ ಗೊತ್ತಾಗುತ್ತದೆ ಅಂತ ತಿಳಿದ ಮೇಲೆ ಅಳಿಸುವ ಉತ್ಸಾಹ ತಾನೇ ಇಳಿಯುತ್ತದೆ. ಒಂದು ಷರತ್ತು ಮಾತ್ರ ಇದೆ, ಮಕ್ಕಳು ಲಾಗಿನ್ ಆಗಿರಬೇಕು. ಪ್ರಾಣಿಗಳ ಹೆಸರಿನಲ್ಲಿ ಬಂದವರನ್ನೆಲ್ಲ ಅದು ಅನಾಮಧೇಯರು ಅಂತ ಒಂದೇ ಗುಂಪಿಗೆ ಸೇರಿಸಿಬಿಡುತ್ತದೆ, ಅಲ್ಲಿಗೆ ಪತ್ತೇದಾರಿಕೆ ಮುಗಿಯಿತು. ಮತ್ತೆ, ಫೈಲನ್ನು ಕಾಪಿ ಮಾಡಿದರೆ ಹಿಸ್ಟರಿ ಕಾಪಿಯ ಜೊತೆ ಬರುವುದಿಲ್ಲ. ಮಾರ್ಕ್ಸ್ ಕೊಡುವುದಿದ್ದರೆ ಮೂಲ ಫೈಲನ್ನೇ ನೋಡಿ.

ಗುಂಪಿನ ಕೆಲಸ ಅಂದಾಗ ಒಬ್ಬ ದುಡಿದು ಮೂವರು ಹೆಸರು ಹಾಕಿಸಿಕೊಳ್ಳುವುದು ಇದ್ದದ್ದೇ. ಮ್ಯಾಕ್ಸ್ ರಿಂಗೆಲ್ಮನ್ ಅನ್ನುವ ಫ್ರೆಂಚ್ ಎಂಜಿನಿಯರ್ 1913ರಲ್ಲೇ ಇದನ್ನು ಬರೆದಿಟ್ಟಿದ್ದಾನೆ. ಹಗ್ಗ ಎಳೆಯುವವರ ಸಂಖ್ಯೆ ಹೆಚ್ಚಾದಷ್ಟೂ ಒಬ್ಬೊಬ್ಬ ಹಾಕುವ ಬಲ ಕಡಿಮೆಯಾಗುತ್ತದೆ ಅಂತ. ವರ್ಷನ್ ಹಿಸ್ಟರಿ ಈ ಸೋಮಾರಿತನವನ್ನು ಸ್ವಲ್ಪ ಮಟ್ಟಿಗೆ ಬಯಲು ಮಾಡುತ್ತದೆ. ಆದರೆ ಅದನ್ನೇ ನಂಬಿ ಮಾರ್ಕ್ಸ್ ಕತ್ತರಿಸಬೇಡಿ. ಒಬ್ಬ ಯೋಚಿಸಿ ಹೇಳುತ್ತಿರುತ್ತಾನೆ, ಕೈ ಚುರುಕಿರುವ ಇನ್ನೊಬ್ಬ ಟೈಪ್ ಮಾಡುತ್ತಿರುತ್ತಾನೆ. ಹಿಸ್ಟರಿಯಲ್ಲಿ ಕಾಣುವುದು ಟೈಪ್ ಮಾಡಿದವನ ಹೆಸರು ಮಾತ್ರ. ಗುಂಪು ಚಿಕ್ಕದಿದ್ದಷ್ಟೂ ಒಳ್ಳೆಯದು, ಮೂರು ಜನ ಹೆಚ್ಚು ಕಡಿಮೆ ಸರಿಯಾದ ಅಳತೆ. ಐದಾದರೆ ಇಬ್ಬರು ಕಿಟಕಿ ನೋಡುತ್ತಿರುತ್ತಾರೆ.

ಶೇರ್ ಬಟನ್ ಒಳಗೆ ಮೂರು ಹಂತ ಇವೆ: ನೋಡಬಹುದು, ಕಾಮೆಂಟ್ ಹಾಕಬಹುದು, ಬರೆಯಬಹುದು. ಹೊಸಬರು ಇದನ್ನು ಗಮನಿಸುವುದೇ ಇಲ್ಲ, ಎಲ್ಲದಕ್ಕೂ ಮೂರನೆಯದನ್ನೇ ಕೊಟ್ಟುಬಿಡುತ್ತಾರೆ. ಒಬ್ಬರ ಪ್ರಬಂಧವನ್ನು ಇನ್ನೊಬ್ಬರು ತಿದ್ದುವ ಕೆಲಸಕ್ಕೆ ಕಾಮೆಂಟ್ ಮಟ್ಟ ಸಾಕು. ಮೂಲ ಬರಹಕ್ಕೆ ಧಕ್ಕೆ ಆಗುವುದಿಲ್ಲ, ತಿದ್ದುವವರು ಸಲಹೆ ಕೊಡಬಹುದು, ಬರೆದವರು ಬೇಕಾದ್ದನ್ನು ಒಪ್ಪಿಕೊಂಡು ಬೇಡದ್ದನ್ನು ಬಿಡಬಹುದು. ಇಲ್ಲೂ ಸ್ವಲ್ಪ ಹದ ಬೇಕು. ಏನೂ ಹೇಳದೆ ಬಿಟ್ಟರೆ ಕಾಮೆಂಟೆಲ್ಲ 'ಸೂಪರ್', 'ಚೆನ್ನಾಗಿದೆ', ಇಲ್ಲಾಂದ್ರೆ ಒಂದು ಹೆಬ್ಬೆರಳು. 'ನಿನಗೆ ಅರ್ಥವಾಗದ ಒಂದು ಸಾಲು ಹುಡುಕಿ ಅಲ್ಲೊಂದು ಪ್ರಶ್ನೆ ಕೇಳು' ಅಂದರೆ ಕೆಲಸ ಆಗುತ್ತದೆ.

ಎಲ್ಲರಿಗೂ ಬೇರೆಬೇರೆ ಪ್ರತಿ ಬೇಕಾದರೆ ಎರಡು ದಾರಿ. ಗೂಗಲ್ ಕ್ಲಾಸ್‌ರೂಮ್ (ಮಕ್ಕಳಿಗೆ ಕೆಲಸ ಕೊಟ್ಟು ವಾಪಸ್ ಪಡೆಯುವ ಗೂಗಲ್ ಟೂಲ್) ಇದ್ದರೆ ಅಸೈನ್‌ಮೆಂಟ್ ಹಾಕುವಾಗಲೇ ಕೇಳುತ್ತದೆ, ಮಕ್ಕಳು ಬರೀ ನೋಡಬೇಕೋ, ಒಂದೇ ಫೈಲಿನಲ್ಲಿ ಎಲ್ಲರೂ ಬರೆಯಬೇಕೋ, ಅಥವಾ ಒಬ್ಬೊಬ್ಬರಿಗೂ ಒಂದು ಕಾಪಿ ಮಾಡಬೇಕೋ ಅಂತ. ಈ ಮೂರನೆಯದನ್ನು ಪೋಸ್ಟ್ ಮಾಡುವ ಮೊದಲೇ ಆರಿಸಬೇಕು, ಆಮೇಲೆ ಬದಲಾಯಿಸಲಿಕ್ಕೆ ಬರುವುದಿಲ್ಲ. ಹೊಸಬರು ಜಾಸ್ತಿ ಎಡವುವುದು ಇಲ್ಲೇ. ಕ್ಲಾಸ್‌ರೂಮ್ ಇಲ್ಲದಿದ್ದರೆ ಫೈಲಿನ ವಿಳಾಸದ ಕೊನೆಯಲ್ಲಿ ಎಡಿಟ್ (edit) ಅಂತ ಇರುವುದನ್ನೂ ಅದರ ಮುಂದಿನದ್ದೆಲ್ಲವನ್ನೂ ಅಳಿಸಿ ಅಲ್ಲಿ ಕಾಪಿ (copy) ಅನ್ನುವ ಇಂಗ್ಲಿಷ್ ಪದ ಹಾಕಿ ಆ ಲಿಂಕ್ ಕಳಿಸಿ. ತೆರೆದವರಿಗೆ 'ನಿಮ್ಮದೊಂದು ಕಾಪಿ ಮಾಡಿಕೊಳ್ಳಿ' ಅನ್ನುವ ಬಟನ್ ಬರುತ್ತದೆ, ಮೂಲ ಫೈಲ್ ಸುರಕ್ಷಿತ.

ಇಷ್ಟು ಹೊಗಳಿದ ಮೇಲೆ ಕೊರತೆಯನ್ನೂ ಹೇಳಬೇಕಲ್ಲ. ಫೋನಿನಲ್ಲಿ ಡಾಕ್ಸ್ ಟೇಬಲ್ ಜೊತೆ ಕೆಲಸ ಮಾಡುವುದು ಹಿಂಸೆ. ಮೂರು ಕಾಲಂ ಇದ್ದರೆ ಒಂದೊಂದರಲ್ಲಿ ಎರಡೆರಡು ಪದ ಕೂರುತ್ತವೆ, ಬೆರಳು ಇಟ್ಟಲ್ಲಿ ಕರ್ಸರ್ ನಿಲ್ಲುವುದಿಲ್ಲ. ಮಕ್ಕಳ ಕೈಯಲ್ಲಿ ಇರುವುದು ಫೋನೇ ಆದರೆ ಗೂಗಲ್ ಸ್ಲೈಡ್ಸ್ ವಾಸಿ. ಒಂದೇ ಫೈಲ್ ಮಾಡಿ, ಗುಂಪಿಗೊಂದು ಸ್ಲೈಡ್ ಕೊಡಿ, ಮೇಲೆ ಗುಂಪಿನ ಹೆಸರು ಮೊದಲೇ ಬರೆದಿಡಿ. ಒಬ್ಬರು ಎಂಟರ್ ಒತ್ತಿದರೆ ಇನ್ನೊಬ್ಬರ ಸಾಲು ಜಾರುವ ಸಮಸ್ಯೆ ಇಲ್ಲಿ ಇಲ್ಲವೇ ಇಲ್ಲ. ಪೀರಿಯಡ್ ಮುಗಿಯುವ ಹೊತ್ತಿಗೆ ಇಡೀ ಕ್ಲಾಸಿನ ಕೆಲಸ ತಾನೇ ಒಂದು ಪ್ರೆಸೆಂಟೇಶನ್ ಆಗಿರುತ್ತದೆ, ಪರದೆ ಮೇಲೆ ಒಂದೊಂದೇ ತೋರಿಸುತ್ತ ಮಾತಾಡಬಹುದು. ನಿಜ ಹೇಳಬೇಕೆಂದರೆ ಚಿಕ್ಕ ಮಕ್ಕಳಿಗೆ ನಾನು ಸ್ಲೈಡ್ಸ್‌ನಿಂದಲೇ ಶುರು ಮಾಡುತ್ತೇನೆ.

ಕನ್ನಡದಲ್ಲಿ ಬರೆಯಿಸುವವರಿಗೆ ಒಂದು ಮಾತು. ಡಾಕ್ಸ್ ಯೂನಿಕೋಡ್ (ಎಲ್ಲ ಫೋನ್, ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಕನ್ನಡವನ್ನು ಚೆನ್ನಾಗಿಯೇ ತೋರಿಸುತ್ತದೆ. ಆದರೆ ಯೂನಿಕೋಡ್ ಅಲ್ಲದ ಹಳೇ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಪ್ರಶ್ನೆಪತ್ರಿಕೆಯನ್ನು ತಂದು ಅಂಟಿಸಿದರೆ ವಿಚಿತ್ರ ಚಿಹ್ನೆಗಳ ರಾಶಿ ಕಾಣುತ್ತದೆ, ಹಾಗಾಗಿ ಮೊದಲೇ ಕನ್ವರ್ಟ್ ಮಾಡಿಟ್ಟುಕೊಳ್ಳಿ. ಫೋನಿನಲ್ಲಿ ಗೂಗಲ್‌ನ ಜಿಬೋರ್ಡ್ ಕೀಬೋರ್ಡ್ ಇದ್ದರೆ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರೆಯಬಹುದು, ಬಾಯಲ್ಲಿ ಹೇಳಿಯೂ ಬರೆಸಬಹುದು. ಟೈಪಿಂಗ್ ನಿಧಾನವಿರುವ ಮಕ್ಕಳಿಗೆ ಇದು ದೊಡ್ಡ ಸಹಾಯ, ನಲವತ್ತು ಜನ ಒಟ್ಟಿಗೆ ಫೋನಿಗೆ ಮಾತಾಡತೊಡಗಿದರೆ ಏನಾಗುತ್ತದೆ ಅನ್ನುವುದು ಬೇರೆ ವಿಚಾರ.

ಪ್ಯಾಡ್ಲೆಟ್‌ಗೆ ಬರೋಣ. ಮೊದಲು ವಾಲ್‌ವಿಶರ್ ಅನ್ನುವ ಹೆಸರಿತ್ತು, ಕೆಲಸ ಈಗಲೂ ಅದೇ: ಒಂದು ಗೋಡೆ, ಎಲ್ಲರೂ ಬಂದು ಚೀಟಿ ಅಂಟಿಸುವುದು. ಫೋಟೋ, ಆಡಿಯೋ, ಲಿಂಕ್, ಏನು ಬೇಕಾದರೂ ಹಾಕಬಹುದು. ಮಕ್ಕಳಿಗೆ ಅಕೌಂಟ್ ಬೇಡ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಒಳಗೆ. ಶುರು ಮಾಡುವ ಸುಲಭದ ವಿಷಯಕ್ಕೆ ಬಂದರೆ ಡಾಕ್ಸ್‌ಗಿಂತ ಇದೇ ಮುಂದೆ, ಒಪ್ಪುತ್ತೇನೆ. ಪಾಠದ ಆರಂಭದಲ್ಲಿ 'ಇದರ ಬಗ್ಗೆ ನಿಮಗೆ ಏನು ಗೊತ್ತು' ಅಂತ ಕೇಳಲಿಕ್ಕೆ, ಇಲ್ಲಾ ಕೊನೆಯಲ್ಲಿ 'ಏನು ಅರ್ಥವಾಗಲಿಲ್ಲ' ಅಂತ ಕೇಳಲಿಕ್ಕೆ ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ. ಟೈಮ್‌ಲೈನ್ ಮತ್ತು ಮ್ಯಾಪ್ ರೂಪಗಳೂ ಇವೆ, ಸಮಾಜ ಪಾಠದವರಿಗೆ ಇಷ್ಟವಾಗುತ್ತವೆ.

ಆದರೂ ಮೊದಲ ಟೂಲ್ ಆಗಿ ಇದನ್ನು ಹೇಳುವುದಿಲ್ಲ. ಹೆಸರಿಲ್ಲದೆ ಬರೆಯಬಹುದು ಅಂದ ಕೂಡಲೇ ಯಾವನೋ ಒಬ್ಬ ಸಹಪಾಠಿಯ ಅಡ್ಡಹೆಸರು ಹಾಕಿಯೇ ಹಾಕುತ್ತಾನೆ. ಚೀಟಿಗಳು ನೀವು ಒಪ್ಪಿದ ಮೇಲೆ ಮಾತ್ರ ಕಾಣುವಂತೆ ಮಾಡುವ ಸೆಟ್ಟಿಂಗ್ ಇದೆ, ಅದನ್ನು ಹಾಕದೆ ಲಿಂಕ್ ಕೊಡಬೇಡಿ. ಇನ್ನೊಂದು ವಿಷಯ, ಚೀಟಿ ಅಂಟಿಸುವುದು ಅಲ್ಲಿಗೇ ನಿಂತುಬಿಡುತ್ತದೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಮುಂದುವರಿಸುವುದು, ತಿದ್ದುವುದು ಇಲ್ಲಿ ಕಡಿಮೆ. ಗೋಡೆ ತುಂಬುತ್ತದೆ, ಟೀಚರ್ ಖುಷಿಪಡುತ್ತಾರೆ, ಮಕ್ಕಳು ಒಬ್ಬರದನ್ನೊಬ್ಬರು ಓದಿರುವುದೇ ಇಲ್ಲ. ಉಚಿತ ಅಕೌಂಟಿನಲ್ಲಿ ಕೆಲವೇ ಬೋರ್ಡ್ ಸಿಗುತ್ತವೆ, ಹಾಗಾಗಿ ಹಳೆಯದನ್ನು ಪಿಡಿಎಫ್ ಮಾಡಿಟ್ಟುಕೊಂಡು ಅಳಿಸುತ್ತಾ ಹೋಗಬೇಕು.

ವೈಟ್‌ಬೋರ್ಡ್ ಟೂಲ್‌ಗಳ ಬಗ್ಗೆ ಮಾತಾಡುವಾಗ ಜಾಮ್‌ಬೋರ್ಡ್ ಕಥೆ ಹೇಳಲೇಬೇಕು. ಎಷ್ಟೋ ಟೀಚರ್‌ಗಳು ಅದರ ಸುತ್ತಲೇ ಪಾಠ ಕಟ್ಟಿಕೊಂಡಿದ್ದರು. 2024ರ ಡಿಸೆಂಬರ್ 31ಕ್ಕೆ ಗೂಗಲ್ ಅದನ್ನು ಮುಚ್ಚಿತು. ಫಿಗ್‌ಜ್ಯಾಮ್, ಲೂಸಿಡ್‌ಸ್ಪಾರ್ಕ್, ಮೀರೋ ಬಳಸಿ ಅಂತ ಅದೇ ಕಂಪನಿ ದಾರಿ ತೋರಿಸಿತು. ಇದೊಂದೇ ಅಲ್ಲ. ಕ್ಲಾಸ್ ವಿಕಿಗಳಿಗೆ ಹೆಸರಾಗಿದ್ದ ವಿಕಿಸ್ಪೇಸಸ್ 2018ರಲ್ಲಿ ಹೋಯಿತು, ಶಾಲೆಗಳ ಸೋಶಿಯಲ್ ನೆಟ್‌ವರ್ಕ್‌ನಂತಿದ್ದ ಎಡ್ಮೋಡೋ 2022ರಲ್ಲಿ, ಮಕ್ಕಳು ಚಿಕ್ಕ ವಿಡಿಯೋ ಮಾಡಿ ಹಾಕುತ್ತಿದ್ದ ಫ್ಲಿಪ್‌ನ ಸ್ವಂತ ಆ್ಯಪ್ ಮತ್ತು ಸೈಟ್ 2024ರಲ್ಲಿ. ಅದಕ್ಕೇ ಹಳೇದು ಅನ್ನುವುದು ಪ್ಲಸ್ ಪಾಯಿಂಟ್ ಅಂದೆ. ಯಾವ ಟೂಲ್ ಹಿಡಿದರೂ ಮೊದಲ ದಿನವೇ ನೋಡಬೇಕಾದ್ದು, ಇದರಲ್ಲಿ ಹಾಕಿದ್ದನ್ನು ಹೊರಗೆ ತೆಗೆಯುವುದು ಹೇಗೆ ಅಂತ. ಡಾಕ್ಸ್‌ನಿಂದ ವರ್ಡ್ ಫೈಲ್ ಸಿಗುತ್ತದೆ, ಪಿಡಿಎಫ್ ಸಿಗುತ್ತದೆ. ಬರೀ ಸ್ಕ್ರೀನ್‌ಶಾಟ್ ಮಾತ್ರ ಸಿಗುವ ಟೂಲ್ ಆದರೆ ಒಂದು ಪೀರಿಯಡ್‌ನ ಆಟಕ್ಕೆ ಇಟ್ಟುಕೊಳ್ಳಿ, ವರ್ಷದ ಕೆಲಸಕ್ಕೆ ಬೇಡ.

ಶಾಲೆಯಲ್ಲಿ ಈಗಾಗಲೇ ಮೈಕ್ರೋಸಾಫ್ಟ್ ಅಕೌಂಟ್ ಕೊಟ್ಟಿದ್ದರೆ ಗೂಗಲ್ ಹಿಂದೆ ಓಡುವ ಅಗತ್ಯ ಇಲ್ಲ. ವರ್ಡ್ ಆನ್‌ಲೈನ್‌ನಲ್ಲಿ ಇದೇ ಟೇಬಲ್ ಕೆಲಸ ಆಗುತ್ತದೆ. ಅಲ್ಲಿ ಒನ್‌ನೋಟ್ ಕ್ಲಾಸ್ ನೋಟ್‌ಬುಕ್ ಅಂತ ಒಂದಿದೆ, ಅದರ ವ್ಯವಸ್ಥೆ ನನಗೆ ಬಹಳ ಹಿಡಿಸಿತು. ಒಳಗೆ ಮೂರು ಭಾಗ: ಟೀಚರ್ ಹಾಕಿದ್ದನ್ನು ಮಕ್ಕಳು ಓದುವ ಜಾಗ, ಎಲ್ಲರೂ ಸೇರಿ ಬರೆಯುವ ಜಾಗ, ಒಬ್ಬೊಬ್ಬರಿಗೂ ಬೇರೆ ಮಕ್ಕಳಿಗೆ ಕಾಣದ ಸ್ವಂತ ಜಾಗ. ಮಗು ತನ್ನ ಜಾಗದಲ್ಲಿ ಬರೆದು ನೋಡಿ, ಧೈರ್ಯ ಬಂದ ಮೇಲೆ ಎಲ್ಲರ ಮುಂದೆ ಇಡಬಹುದು. ಡಾಕ್ಸ್‌ನಲ್ಲಿ ಇದನ್ನು ನಾವೇ ಫೋಲ್ಡರ್ ಮಾಡಿ ಕಟ್ಟಿಕೊಳ್ಳಬೇಕು. ಒಂದೇ ತೊಂದರೆ, ಒನ್‌ನೋಟ್‌ನ ಮೆನು, ಟ್ಯಾಬ್, ಪುಟಗಳ ನಡುವೆ ಹೊಸ ಟೀಚರ್ ಕಳೆದುಹೋಗುವುದು ಸುಲಭ.

ಅಕೌಂಟ್ ಯಾವುದೂ ಬೇಡ ಅನ್ನುವವರು ಈಥರ್‌ಪ್ಯಾಡ್ ನೋಡಬಹುದು. 2008ರಿಂದ ಇದೆ, ಅದರ ಕಂಪನಿಯನ್ನು 2009ರಲ್ಲಿ ಗೂಗಲ್ ಕೊಂಡ ಮೇಲೆ ಸಾಫ್ಟ್‌ವೇರ್ ಓಪನ್ ಸೋರ್ಸ್ (ಯಾರು ಬೇಕಾದರೂ ತೆಗೆದುಕೊಂಡು ನಡೆಸಬಹುದಾದದ್ದು) ಆಯಿತು, ಈಗಲೂ ಬೇರೆಬೇರೆಯವರು ನಡೆಸುತ್ತಿದ್ದಾರೆ. ಬರೆದವರ ಬಣ್ಣ ಅಕ್ಷರದ ಹಿಂದೆಯೇ ಕಾಣುತ್ತದೆ, ಒಂದು ಸ್ಲೈಡರ್ ಎಳೆದರೆ ಬರಹ ಮೊದಲಿನಿಂದ ಬೆಳೆದದ್ದನ್ನು ಸಿನಿಮಾದಂತೆ ನೋಡಬಹುದು. ಚಿತ್ರ, ಟೇಬಲ್ ಕೆಲಸಕ್ಕೆ ಇದು ಆಗಿಬರುವುದಿಲ್ಲ. ಬರೀ ಬರವಣಿಗೆಗೆ ಹಗುರ, ನಿಧಾನದ ಇಂಟರ್‌ನೆಟ್‌ನಲ್ಲೂ ಪರವಾಗಿಲ್ಲ. ಕಹೂಟ್ ಬಗ್ಗೆ ಒಂದೇ ಸಾಲು: ಅದು ಕ್ವಿಜ್, ಚೆನ್ನಾಗಿದೆ, ಆದರೆ ಅದರಲ್ಲಿ ಯಾರೂ ಯಾರ ಜೊತೆಗೂ ಸೇರಿ ಏನನ್ನೂ ಕಟ್ಟುವುದಿಲ್ಲ.

ವಯಸ್ಸಿನ ವಿಷಯ ಮರೆಯಬೇಡಿ. ಸ್ವಂತ ಗೂಗಲ್ ಅಕೌಂಟ್ ನಡೆಸಲಿಕ್ಕೆ ಬಹಳಷ್ಟು ದೇಶಗಳಲ್ಲಿ 13 ತುಂಬಿರಬೇಕು. ಅದಕ್ಕಿಂತ ಚಿಕ್ಕವರಿಗೆ ಶಾಲೆ ಕೊಡುವ ಅಕೌಂಟ್ ಇಲ್ಲವೇ ಮನೆಯವರು ನೋಡಿಕೊಳ್ಳುವ ಅಕೌಂಟ್ ಬೇಕು. ಟೀಚರ್ ತನ್ನ ಸ್ವಂತ ಅಕೌಂಟಿನಿಂದ ಎಲ್ಲರನ್ನೂ ಲಾಗಿನ್ ಮಾಡಿಸುವುದು ಕೆಲವು ಕಡೆ ನಡೆಯುತ್ತದೆ, ದಯವಿಟ್ಟು ಬೇಡ, ನಿಮ್ಮ ಮೇಲ್, ಫೋಟೋ ಎಲ್ಲ ಮಕ್ಕಳ ಕೈಗೆ ಹೋಗುತ್ತದೆ. ಮಕ್ಕಳ ಪೂರ್ತಿ ಹೆಸರು, ಫೋನ್ ನಂಬರ್, ಮಾರ್ಕ್ಸ್ ಇರುವ ಫೈಲನ್ನು ಲಿಂಕ್ ಇದ್ದವರಿಗೆಲ್ಲ ತೆರೆದಿಡುವುದೂ ಬೇಡ.

ಎಲ್ಲ ಮಕ್ಕಳ ಹತ್ತಿರ ಕಂಪ್ಯೂಟರ್ ಇಲ್ಲ, ಹೇಗೆ ಮಾಡುವುದು ಅನ್ನುವವರಿಗೆ: ಗುಂಪಿಗೆ ಒಂದು ಸಾಕು, ಎಷ್ಟೋ ಸಲ ಅದೇ ವಾಸಿ. ಒಂದೇ ಪರದೆ ಇದ್ದಾಗ ಮೂವರೂ ತಲೆ ಸೇರಿಸಿ ಮಾತಾಡಲೇಬೇಕಾಗುತ್ತದೆ. ತಲೆಗೊಂದು ಡಿವೈಸ್ ಕೊಟ್ಟರೆ ಪಕ್ಕದಲ್ಲೇ ಕೂತವರೂ ಮಾತು ಬಿಟ್ಟು ಟೈಪ್ ಮಾಡುತ್ತಿರುತ್ತಾರೆ. ಕೀಬೋರ್ಡ್ ಹತ್ತು ನಿಮಿಷಕ್ಕೊಮ್ಮೆ ಕೈ ಬದಲಾಯಿಸಲಿ. ಬದಲಾದಾಗೆಲ್ಲ ಆ ಹೊತ್ತಿಗೆ ಬರೆಯುತ್ತಿರುವವರು ತಮ್ಮ ಸಾಲಿನ ಕೊನೆಗೆ ಹೆಸರಿನ ಮೊದಲ ಅಕ್ಷರ ಹಾಕಲಿ, ಒಂದೇ ಲಾಗಿನ್ ಇದ್ದರೂ ಯಾರು ಏನು ಬರೆದರು ಅಂತ ಆಮೇಲೆ ಓದುವಾಗ ಗೊತ್ತಾಗುತ್ತದೆ.